ಮನೆಗೆ ಎಲೆಕ್ಟ್ರಿಕ್ ಕಾಫಿ ಪರ್ಕೊಲೇಟರ್ ತರುವ ಮುಂಚೆ

ಎಲೆಕ್ಟ್ರಿಕ್ ಪರ್ಕೊಲೇಟರ್ ಅಂದರೆ ಕುದಿವ ನೀರನ್ನು ಪುಡಿಯ ಮೇಲೆ ಮತ್ತೆ ಮತ್ತೆ ಹಾಯಿಸಿ ಕಾಫಿ ಇಳಿಸುವ ಕರೆಂಟಿನ ಪಾತ್ರೆ. ಅದರ ಡಬ್ಬದ ಮೇಲೆ ಸಾಮಾನ್ಯವಾಗಿ ಮೂರು ಮಾತು ಎದ್ದು ಕಾಣುತ್ತವೆ: 12 ಕಪ್, ಆಟೋಮ್ಯಾಟಿಕ್, ಇಷ್ಟು ವ್ಯಾಟ್. ಮೊದಲನೆಯದು ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಕಪ್ ಅಲ್ಲ. ಎರಡನೆಯದು ನೀವು ಅಂದುಕೊಂಡ ಅರ್ಥದ ಆಟೋಮ್ಯಾಟಿಕ್ ಅಲ್ಲ. ಮೂರನೆಯದನ್ನಂತೂ ಯಾರೂ ಓದುವುದೇ ಇಲ್ಲ. ತಂದು ವಾರ ಕಳೆಯುವಷ್ಟರಲ್ಲಿ "ಕಾಫಿ ನೀರು ನೀರಾಗಿದೆ", "ಯಾಕೋ ಕಹಿ ಬರ್ತಿದೆ", "ಇದಕ್ಕೆ ಸ್ವಿಚ್ಚೇ ಇಲ್ವಲ್ಲ" ಅಂತ ಶುರುವಾಗುವ ದೂರುಗಳೆಲ್ಲ ಹುಟ್ಟುವುದು ಈ ಮೂರು ಮಾತುಗಳಿಂದಲೇ.

ಈ ಯಂತ್ರದಲ್ಲಿ ನಾವು ತಿರುಗಿಸಿ, ಒತ್ತಿ ಸರಿಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಎಷ್ಟು ಹೊತ್ತು ಕಾಯಿಸಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ತಳದಲ್ಲಿರುವ ಒಂದು ಪುಟ್ಟ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ನಮ್ಮ ಕೈಯಲ್ಲಿರುವುದು ಎಷ್ಟು ನೀರು ಹಾಕಿದೆವು, ಎಷ್ಟು ಪುಡಿ ಹಾಕಿದೆವು, ಎಷ್ಟು ದೊಡ್ಡ ಪಾತ್ರೆ ಕೊಂಡೆವು, ಇಷ್ಟೇ. ಅದರಲ್ಲಿ ಕೊನೆಯದನ್ನು ಒಮ್ಮೆ ತಪ್ಪಿದರೆ ದಿನವೂ ಅನುಭವಿಸಬೇಕು. ಆದ್ದರಿಂದ ಯಾವ ಕಂಪನಿ, ಯಾವ ಬಣ್ಣ ಅನ್ನುವುದಕ್ಕಿಂತ ಮುಂಚೆ ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಒಳಗೆ ನಡೆಯುವುದೇನು

ಪಾತ್ರೆಯ ತಳದ ನಡುವೆ ಒಂದು ಸಣ್ಣ ಗುಳಿ ಇರುತ್ತದೆ. ಕಾಯಿಲ್‌ನ ಶಾಖ ಹೆಚ್ಚಾಗಿ ಬಂದು ಮುಟ್ಟುವುದು ಈ ಗುಳಿಗೆ. ಅದರ ಮೇಲೆ ಅಗಲ ಪಾದದ ಒಂದು ಕೊಳವೆ ನಿಂತಿರುತ್ತದೆ. ಕೊಳವೆಯ ಮೇಲ್ಭಾಗಕ್ಕೆ ತೂತುಗಳಿರುವ ಬುಟ್ಟಿ, ಬುಟ್ಟಿಯ ಮೇಲೆ ತೂತುಗಳಿರುವ ಒಂದು ತಟ್ಟೆ. ಇಷ್ಟೇ ಭಾಗಗಳು.

ಗುಳಿಯಲ್ಲಿರುವ ಚೂರು ನೀರು ಬೇಗ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ, ಆ ಗುಳ್ಳೆಗೆ ಮೇಲೆ ಹೋಗಲು ಕೊಳವೆಯೊಂದೇ ದಾರಿ, ಹೋಗುವಾಗ ಅದು ಕೊಳವೆಯಲ್ಲಿರುವ ನೀರನ್ನೂ ತಳ್ಳಿಕೊಂಡೇ ಹೋಗುತ್ತದೆ. ಹೀಗೆ ಚಿಮ್ಮಿದ ನೀರು ಮುಚ್ಚಳಕ್ಕೆ ಬಡಿದು, ತಟ್ಟೆಯ ಮೇಲೆ ಹರಡಿ, ಪುಡಿಯೊಳಗಿಂದ ಇಳಿದು ಮತ್ತೆ ಅದೇ ಪಾತ್ರೆಗೆ ಬೀಳುತ್ತದೆ. ಅಷ್ಟರಲ್ಲಿ ಗುಳಿಗೆ ಬದಿಯಿಂದ ಬೇರೆ ನೀರು ನುಗ್ಗಿರುತ್ತದೆ. ಅದೂ ಕುದಿಯುತ್ತದೆ, ಅದೂ ಏರುತ್ತದೆ. ಪರ್ಕೊಲೇಟರ್‌ನ ಗುಳುಗುಳು ಸದ್ದು ಇದೇ. ಮೋಟರ್ ಇಲ್ಲ, ಪಂಪ್ ಇಲ್ಲ, ಗುಳ್ಳೆಗಳೇ ಎಲ್ಲ ಕೆಲಸ ಮಾಡುತ್ತವೆ.

ಇಲ್ಲಿ ಒಂದು ವಿಷಯ ನೋಡಿ. ಸ್ವಲ್ಪ ಹೊತ್ತಾದ ಮೇಲೆ ಕೊಳವೆಯಲ್ಲಿ ಏರುವುದು ಬರೀ ನೀರಾಗಿರುವುದಿಲ್ಲ, ಆಗಲೇ ಇಳಿದ ತೆಳು ಕಾಫಿಯೂ ಅದರಲ್ಲಿ ಸೇರಿರುತ್ತದೆ. ಅದು ಮತ್ತೆ ಕಾದು ಮತ್ತೆ ಅದೇ ಪುಡಿಯ ಮೂಲಕ ಇಳಿಯುತ್ತದೆ. ಡ್ರಿಪ್ ಯಂತ್ರದಲ್ಲಿ ನೀರು ಪುಡಿಯನ್ನು ಒಂದೇ ಸಲ ಹಾದುಹೋಗುತ್ತದೆ. ಪರ್ಕೊಲೇಟರ್‌ನಲ್ಲಿ ಸುತ್ತು ಹಾಕುತ್ತಲೇ ಇರುತ್ತದೆ. ಇದರ ಗುಣವೂ ದೋಷವೂ ಎರಡೂ ಇಲ್ಲೇ ಇವೆ.

ಉಪಾಯ ಹಳೆಯದು. ಕುದಿವ ನೀರು ಕೊಳವೆಯಲ್ಲಿ ತಾನೇ ಏರಿ ಪುಡಿಯ ಮೇಲೆ ಬೀಳುವ ಪಾತ್ರೆಯನ್ನು 1819ರಲ್ಲಿ ಪ್ಯಾರಿಸ್ಸಿನ ತಗಡು ಕೆಲಸಗಾರ ಲೊರಾನ್ಸ್ ಮಾಡಿದ. ಅಮೆರಿಕದ ಇಲಿನಾಯ್ಸ್‌ನ ರೈತ ಹ್ಯಾನ್ಸನ್ ಗುಡ್ರಿಚ್ 1889ರಲ್ಲಿ ಪೇಟೆಂಟ್ ಪಡೆದ ಒಲೆ ಮೇಲಿನ ಪರ್ಕೊಲೇಟರ್ ಹೆಚ್ಚುಕಡಿಮೆ ಈಗ ಸಿಗುವುದರ ಹಾಗೆಯೇ ಇತ್ತು. 20ನೇ ಶತಮಾನದಲ್ಲಿ ಅದಕ್ಕೆ ಕರೆಂಟು ಬಂತು, ಆಮೇಲೆ ಥರ್ಮೋಸ್ಟಾಟ್ ಬಂತು. 1972ರಲ್ಲಿ 'ಮಿಸ್ಟರ್ ಕಾಫಿ' ಅನ್ನುವ ಮನೆಬಳಕೆಯ ಡ್ರಿಪ್ ಯಂತ್ರ ಬಂದ ಮೇಲೆ ಅಮೆರಿಕದ ಅಡುಗೆಮನೆಗಳಿಂದ ಪರ್ಕೊಲೇಟರ್ ಮೆಲ್ಲಗೆ ಜಾಗ ಖಾಲಿ ಮಾಡಿತು. ಪೂರ್ತಿ ಹೋಗಲಿಲ್ಲ. ಕೆಡುವಂಥ ಭಾಗಗಳು ಕಡಿಮೆ, ಕಾಫಿ ಸುಡುಸುಡು ಬಿಸಿ, ಅನ್ನುವ ಕಾರಣಕ್ಕೆ ಇದನ್ನೇ ಬೇಕೆನ್ನುವವರು ಇಂದಿಗೂ ಇದ್ದಾರೆ.

ಅಂದಹಾಗೆ ಒಂದು ಗೊಂದಲ ಇಲ್ಲೇ ಬಗೆಹರಿಯಲಿ. 'ಎಲೆಕ್ಟ್ರಿಕ್ ಪರ್ಕೊಲೇಟರ್' ಅಂತ ಹುಡುಕಿದರೆ ಮೋಕಾ ಪಾಟ್‌ಗಳೂ ಅದೇ ಹೆಸರಲ್ಲಿ ಬಂದು ಕೂರುತ್ತವೆ. ಎರಡೂ ಬೇರೆ. ಮೋಕಾ ಪಾಟ್‌ನಲ್ಲಿ ಕೆಳಗಿನ ಕೋಣೆಯ ನೀರು ಒತ್ತಡದಿಂದ ಪುಡಿಯ ಮೂಲಕ ಒಂದೇ ಸಲ ಮೇಲೇರಿ ಮೇಲಿನ ಕೋಣೆಯಲ್ಲಿ ನಿಲ್ಲುತ್ತದೆ, ವಾಪಸ್ ಕೆಳಗೆ ಬರುವುದಿಲ್ಲ. ಅದರ ಕಾಫಿ ಸ್ವಲ್ಪವೇ, ತುಂಬ ಗಟ್ಟಿ. ಚಿತ್ರದಲ್ಲಿ ಸೊಂಟ ಸಣ್ಣಗಾಗಿ, ಎರಡು ಭಾಗ ತಿರುಪು ಹಾಕಿ ಸೇರಿಸಿದಂತೆ ಕಂಡರೆ ಅದು ಮೋಕಾ. ಎತ್ತರದ ಒಂದೇ ಪಾತ್ರೆ, ಮುಚ್ಚಳದ ಮೇಲೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಪಾರದರ್ಶಕ ಗುಬ್ಬಿ, ಅಂದರೆ ಗುಂಡನೆಯ ಚಿಕ್ಕ ಹಿಡಿ, ಇದ್ದರೆ ಅದು ಪರ್ಕೊಲೇಟರ್.

ಥರ್ಮೋಸ್ಟಾಟ್ ಗಡಿಯಾರ ನೋಡುವುದಿಲ್ಲ

ಒಲೆ ಮೇಲಿನ ಪರ್ಕೊಲೇಟರ್‌ನಲ್ಲಿ ಉರಿ ಸಣ್ಣ ಮಾಡುವುದು, ಇಳಿಸುವುದು ನಮ್ಮ ಜವಾಬ್ದಾರಿ. ಮರೆತರೆ ಕಾಫಿ ಕುದಿಕುದಿದು ಕಷಾಯ. ಎಲೆಕ್ಟ್ರಿಕ್‌ನಲ್ಲಿ ಆ ತಲೆನೋವಿಲ್ಲ. ಪಾತ್ರೆಯ ಕಾಫಿ ಕುದಿಯುವ ಮಟ್ಟದ ಹತ್ತಿರಕ್ಕೆ ಬಂದಾಗ ಥರ್ಮೋಸ್ಟಾಟ್ ದೊಡ್ಡ ಕಾಯಿಲ್ ಅನ್ನು ಬಿಡಿಸುತ್ತದೆ. ಬಿಸಿ ಉಳಿಸುವ ಚಿಕ್ಕ ಶಾಖ ಮಾತ್ರ ಮುಂದುವರಿಯುತ್ತದೆ, ದೀಪ ಹೊತ್ತುತ್ತದೆ.

ಆದರೆ ಅದು ಅಳೆಯುವುದು ಬಿಸಿಯನ್ನು, ಸಮಯವನ್ನಲ್ಲ. ಕಾಫಿ ಗಟ್ಟಿಯಾಗಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ತಣ್ಣೀರು ಹಾಕಿ ಶುರುಮಾಡಿದರೆ ಅಷ್ಟೂ ನೀರು ಕಾಯುವ ತನಕ ಗುಳ್ಳೆಗಳು ಏರುತ್ತಲೇ ಇರುತ್ತವೆ, ಪುಡಿಗೆ ನೀರು ಬೀಳುತ್ತಲೇ ಇರುತ್ತದೆ. ಬೇಗ ಆಗಲಿ ಅಂತ ಬಿಸಿನೀರು ಹಾಕಿದಿರೋ, ಅರ್ಧ ದಾರಿ ಆಗಲೇ ಮುಗಿದಿರುತ್ತದೆ. ಲೆಕ್ಕ ಬೇಕಿದ್ದರೆ, 20 ಡಿಗ್ರಿಯ ನೀರು 100ಕ್ಕೆ ಹೋಗಲು 80 ಡಿಗ್ರಿ ಏರಬೇಕು, 60 ಡಿಗ್ರಿಯ ನೀರಿಗೆ 40 ಡಿಗ್ರಿ ಸಾಕು. ಅಂದರೆ ಕಾಯುವ ಸಮಯ ಅರ್ಧಕ್ಕರ್ಧ ಕಡಿಮೆ, ಸುತ್ತುಗಳೂ ಹೆಚ್ಚುಕಡಿಮೆ ಅರ್ಧ, ಕಾಫಿ ಸಪ್ಪೆ. ಬಳಕೆಯ ಪುಸ್ತಕದಲ್ಲಿ 'ತಣ್ಣೀರನ್ನೇ ಬಳಸಿ' ಅಂತ ಬರೆದಿರುವುದು ಇದಕ್ಕೇ. ಬಹಳ ಜನ ಅದನ್ನು ಸುಮ್ನೆ ಹಾಕಿದ ಸೂಚನೆ ಅಂತ ದಾಟಿಬಿಡುತ್ತಾರೆ.

ಒಂದು ಸಲ ಮಾಡಿದ ತಕ್ಷಣ ಇನ್ನೊಂದು ಸಲ ಮಾಡಲು ಹೋದಾಗ ಯಂತ್ರ ಸುಮ್ಮನೆ ಕೂತುಬಿಡುತ್ತದಲ್ಲ, ಅದಕ್ಕೂ ಇದೇ ಕಾರಣ. ಥರ್ಮೋಸ್ಟಾಟ್ ಇನ್ನೂ ಬಿಸಿಯಾಗಿದೆ, ಅದರ ಪ್ರಕಾರ ಕಾಫಿ ಆಗಿಹೋಗಿದೆ. ಪ್ಲಗ್ ತೆಗೆದು, ಸ್ವಲ್ಪ ಆರಲು ಬಿಟ್ಟು, ಪಾತ್ರೆಯ ಒಳಗನ್ನು ತಣ್ಣೀರಿನಿಂದ ತೊಳೆದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಇನ್ನು ವ್ಯಾಟ್. ಒಂದು ಲೀಟರ್ ನೀರನ್ನು 20ರಿಂದ 100 ಡಿಗ್ರಿಗೆ ಏರಿಸಲು ಸುಮಾರು 335 ಕಿಲೋಜೂಲ್ ಶಕ್ತಿ ಬೇಕು. 800 ವ್ಯಾಟ್‌ನ ಕಾಯಿಲ್ ಇದನ್ನು ಸುಮಾರು 7 ನಿಮಿಷದಲ್ಲಿ ಕೊಡುತ್ತದೆ. 150 ಮಿಲಿಲೀಟರಿನ ಒಂದು ಕಪ್‌ಗೆ ಹಂಚಿದರೆ ಒಂದು ನಿಮಿಷದ ಆಸುಪಾಸು ಬರುತ್ತದೆ. ಜಾಹೀರಾತಿನಲ್ಲಿ 'ನಿಮಿಷಕ್ಕೆ ಒಂದು ಕಪ್' ಅಂತ ಹೇಳುವುದರಲ್ಲಿ ಗುಟ್ಟೇನೂ ಇಲ್ಲ, ಬರೀ ನೀರು ಕಾಯುವ ಲೆಕ್ಕ ಅದು. ದೊಡ್ಡ ಪಾತ್ರೆಗೆ 500 ವ್ಯಾಟ್ ಕೊಟ್ಟಿದ್ದರೆ ಎರಡು ಲೀಟರ್ ಹತ್ತಿರ ಕಾಯಿಸಲು 20 ನಿಮಿಷ ಬೇಕು, ಅಷ್ಟೂ ಹೊತ್ತು ಪುಡಿ ನೆನೆಯುತ್ತಾ ಕಹಿ ಬಿಡುತ್ತದೆ. ಹಾಗಂತ ವ್ಯಾಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಚಿಕ್ಕ ಪಾತ್ರೆಗೆ ದೊಡ್ಡ ಕಾಯಿಲ್ ಇದ್ದರೆ ಪುಡಿಯಿಂದ ಸತ್ವ ಇಳಿಯುವ ಮುಂಚೆಯೇ ನೀರು ಕಾದು ಆಟ ಮುಗಿದಿರುತ್ತದೆ. ಒಟ್ಟು ಲೀಟರಿಗೆ 500ರಿಂದ 800 ವ್ಯಾಟ್ ಅಂತ ಇಟ್ಟುಕೊಂಡರೆ ಸಾಕು, ಇದು ಮೇಲಿನ ಲೆಕ್ಕದಿಂದಲೇ ಬರುವ ಒಂದು ಅಂದಾಜು. ಕೆಲವು ಮಾದರಿಗಳಲ್ಲಿ ಕಾಫಿಯ ಗಟ್ಟಿತನ ಹೊಂದಿಸುವ ಗುಂಡಿಯೂ ಇರುತ್ತದೆ. ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಪುಡಿಯಲ್ಲಿ ಹೊಂದಿಸಿಕೊಳ್ಳಬಹುದು.

ಕಪ್ಪಿನ ಲೆಕ್ಕ

ಇದರಲ್ಲೇ ಜಾಸ್ತಿ ಜನ ಎಡವುವುದು. ಪರ್ಕೊಲೇಟರ್ ಮಾಡುವವರ 'ಕಪ್' ಅಂದರೆ ಸಾಮಾನ್ಯವಾಗಿ 5 ಔನ್ಸ್, ಸುಮಾರು 150 ಮಿಲಿಲೀಟರ್. ನಾವು ಕೈಯಲ್ಲಿ ಹಿಡಿದು ಕುಡಿಯುವ ದೊಡ್ಡ ಮಗ್ 250ರಿಂದ 350 ಮಿಲಿಲೀಟರ್ ಇರುತ್ತದೆ. ಅಲ್ಲಿಗೆ 12 ಕಪ್ಪಿನ ಪಾತ್ರೆ ಅಂದರೆ 1.8 ಲೀಟರ್, ಆರೇಳು ಮಗ್. 8 ಕಪ್ಪಿನದು 1.2 ಲೀಟರ್, ನಾಲ್ಕು ಮಗ್. 4 ಕಪ್ಪಿನದು 600 ಮಿಲಿಲೀಟರ್, ಇಬ್ಬರಿಗೆ ಒಂದೊಂದು ದೊಡ್ಡ ಮಗ್. ಇದರಲ್ಲೂ ಪುಡಿ ಸ್ವಲ್ಪ ಕುಡಿದುಬಿಡುತ್ತದೆ. ಒಂದು ಗ್ರಾಂ ಪುಡಿ ಹತ್ತಿರ ಹತ್ತಿರ ಎರಡು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. 50 ಗ್ರಾಂ ಪುಡಿ ಹಾಕಿದಿರಿ ಅಂದರೆ 100 ಮಿಲಿಲೀಟರ್ ಕಾಫಿ ಚರಟದಲ್ಲೇ ಉಳಿಯಿತು ಅಂತ ಲೆಕ್ಕ. ಆದ್ದರಿಂದ ಕಪ್ಪಿನ ಸಂಖ್ಯೆ ಬಿಟ್ಟು ಲೀಟರ್ ಎಷ್ಟು ಅಂತ ನೋಡಿ.

"ಇರಲಿ ಬಿಡಿ, ಯಾವತ್ತೋ ನೆಂಟರು ಬಂದಾಗ ಬೇಕಾಗುತ್ತೆ" ಅಂತ ದೊಡ್ಡದನ್ನೇ ತರುವವರು ಜಾಸ್ತಿ. ಬೇರೆ ಪಾತ್ರೆಗಳ ವಿಷಯದಲ್ಲಿ ಈ ಮಾತು ಸರಿ, ಇಲ್ಲಿ ಸರಿಯಲ್ಲ. 12 ಕಪ್ಪಿನ ಪಾತ್ರೆಯಲ್ಲಿ 3 ಕಪ್ ನೀರು ಹಾಕಿದರೆ ಏನಾಗುತ್ತದೆ ನೋಡಿ. ಕಾಯಿಲ್ ಅದೇ ದೊಡ್ಡದು, ನೀರು ಕಾಲು ಭಾಗ. ಬೇಗ ಕಾಯುತ್ತದೆ, ಥರ್ಮೋಸ್ಟಾಟ್ ಬೇಗ ಬಿಡಿಸುತ್ತದೆ, ಸುತ್ತುಗಳು ಸಾಲುವುದಿಲ್ಲ. ಜತೆಗೆ ಅಗಲವಾದ ಬುಟ್ಟಿಯಲ್ಲಿ ಸ್ವಲ್ಪವೇ ಪುಡಿ ತೆಳ್ಳಗೆ ಹರಡಿಕೊಂಡಿರುತ್ತದೆ, ಬಿದ್ದ ನೀರು ಅದರಲ್ಲಿ ನಿಲ್ಲದೆ ಸರ್ರನೆ ಇಳಿದುಹೋಗುತ್ತದೆ. ನೀರು ಕಡಿಮೆ ಇದ್ದರೆ ಕೊಳವೆಯಲ್ಲಿ ಅದು ಏರಬೇಕಾದ ಎತ್ತರವೂ ಜಾಸ್ತಿ. ಎಲ್ಲ ಸೇರಿ ಕಾಫಿ ಪೇಲವ.

ಅದಕ್ಕೇ ಪ್ರತಿಯೊಂದು ಮಾದರಿಗೂ ಇಂತಿಷ್ಟು ಕಪ್‌ಗಿಂತ ಕಡಿಮೆ ಮಾಡಬೇಡಿ ಅನ್ನುವ ಮಿತಿ ಇರುತ್ತದೆ. 12 ಕಪ್ಪಿನವುಗಳಿಗೆ ಅದು ಸಾಮಾನ್ಯವಾಗಿ 4 ಕಪ್. ಡಬ್ಬದ ಮೇಲೆ ಇದು ಕಾಣುವುದಿಲ್ಲ, ಬಳಕೆಯ ಪುಸ್ತಕದಲ್ಲಿ ಇರುತ್ತದೆ. ಬಹಳಷ್ಟು ಕಂಪನಿಗಳ ಪುಸ್ತಕಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಕೊಳ್ಳುವ ಮುಂಚೆ ತೆರೆದು ಈ ಒಂದು ಸಾಲು ಓದಿ. ಪ್ರತಿದಿನ ನಿಮ್ಮ ಮನೆಯಲ್ಲಿ ಬೇಕಾಗುವಷ್ಟು ಕಾಫಿ ಪಾತ್ರೆಯ ಅರ್ಧಕ್ಕಿಂತ ಮೇಲೆ ಬರುವಂತಿದ್ದರೆ ಅದು ನಿಮಗೆ ಸರಿಯಾದ ಅಳತೆ. ನೆಂಟರು ಬಂದ ದಿನ ಎರಡು ಸಲ ಮಾಡಿದರಾಯಿತು. ಒಬ್ಬರೇ ಇರುವವರು, ದಿನಕ್ಕೆ ಒಂದು ಮಗ್ ಕುಡಿಯುವವರು ಪರ್ಕೊಲೇಟರ್ ಕೊಳ್ಳದಿರುವುದೇ ಒಳ್ಳೆಯದು, ಇದು ಒಂದು ಮಗ್‌ಗೆ ಹೇಳಿ ಮಾಡಿಸಿದ ಯಂತ್ರವಲ್ಲ.

ತುಂಬ ನೀರು ಹಾಕುವುದೂ ತಪ್ಪೇ. ನೀರಿನ ಮಟ್ಟ ಬುಟ್ಟಿಯ ತಳಕ್ಕಿಂತ ಕೆಳಗಿರಬೇಕು. ಮೇಲೆ ಹೋದರೆ ಪುಡಿ ಕೊನೆಯವರೆಗೂ ನೀರಲ್ಲೇ ಮುಳುಗಿರುತ್ತದೆ. ಒಳಗೋಡೆಯಲ್ಲಿ ಕಪ್ಪಿನ ಗುರುತುಗಳನ್ನು ಕೊರೆದಿದ್ದಾರೆಯೇ ಅಂತ ನೋಡಿ. ಕೆಲವದರಲ್ಲಿ ಹಿಡಿಯ ಪಕ್ಕ ಹೊರಗಿನಿಂದಲೇ ಮಟ್ಟ ಕಾಣುವ ಕಿಟಕಿ ಇರುತ್ತದೆ. ಅನುಕೂಲ ಹೌದು, ಆದರೆ ಪ್ಲಾಸ್ಟಿಕ್ ಸೇರಿದ ಇನ್ನೊಂದು ಜಾಗ, ಸೋರಬಹುದಾದ ಇನ್ನೊಂದು ಜಾಗ ಕೂಡ. ನನ್ನನ್ನು ಕೇಳಿದರೆ ಗುರುತು ಕೊರೆದ ಗೋಡೆಯೇ ಸಾಕು.

ಆಟೋಮ್ಯಾಟಿಕ್ ಅಂದರೆ ತಾನೇ ಆರುವುದಲ್ಲ

ಬಹುತೇಕ ಪರ್ಕೊಲೇಟರ್‌ಗಳಲ್ಲಿ 'ಆಟೋಮ್ಯಾಟಿಕ್' ಅನ್ನುವುದರ ಅರ್ಥ ಇಷ್ಟೇ: ಕಾಫಿ ಆದ ಮೇಲೆ ತಾನಾಗಿ ಬಿಸಿ ಉಳಿಸುವ ಸ್ಥಿತಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಪ್ಲಗ್ ಕೀಳುವ ತನಕ ಅದು ಬಿಸಿ ಮಾಡುತ್ತಲೇ ಇರುತ್ತದೆ. ಎಷ್ಟೋ ಮಾದರಿಗಳಲ್ಲಿ ಆನ್-ಆಫ್ ಸ್ವಿಚ್ ಇರುವುದೇ ಇಲ್ಲ, ಪ್ಲಗ್ ಹಾಕಿದರೆ ಶುರು, ತೆಗೆದರೆ ನಿಂತಿತು. ಬೆಳಿಗ್ಗೆ ಅವಸರದಲ್ಲಿ ಮನೆ ಬಿಟ್ಟು ಹೋಗುವವರು, ಮರೆಯುವ ಅಭ್ಯಾಸ ಇರುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಇಂತಿಷ್ಟು ಹೊತ್ತಾದ ಮೇಲೆ ಪೂರ್ತಿ ಆರುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನಂಬಿ. ಇಲ್ಲವಾದರೆ ಸ್ವಿಚ್ ಇರುವ ಸಾಕೆಟ್‌ಗೆ ಹಾಕಿ.

ಬಿಸಿ ಉಳಿಸುವುದು ಕೇಳಲು ಚೆನ್ನಾಗಿದೆ, ಆದರೆ ಹೊತ್ತು ಹೋದಂತೆ ಕಾಫಿಯ ಘಮ ಹಾರಿ ಒಗರು, ಕಹಿ ಮುಂದೆ ಬರುತ್ತದೆ. ಅರ್ಧ ಗಂಟೆಯ ಮೇಲೂ ಬೇಕಿದ್ದರೆ ಫ್ಲಾಸ್ಕಿಗೆ ಬಗ್ಗಿಸಿ ಇಡುವುದು ವಾಸಿ. ಇನ್ನೊಂದು, ದೀಪ ಹೊತ್ತಿದ ಕೂಡಲೇ ಮುಚ್ಚಳ ತೆಗೆದು ಬುಟ್ಟಿ, ಕೊಳವೆಗಳನ್ನು ಹೊರಗೆ ತೆಗೆಯಿರಿ. ಕೈಗೆ ಬಟ್ಟೆ ಇರಲಿ, ತುಂಬ ಬಿಸಿ ಇರುತ್ತದೆ. ಒಳಗೇ ಬಿಟ್ಟರೆ ಆವಿ ಮೇಲಕ್ಕೆ ಹೋಗಿ ನೀರಾಗಿ ಆ ಸತ್ತ ಪುಡಿಯಿಂದ ತೊಟ್ಟಿಕ್ಕುತ್ತಲೇ ಇರುತ್ತದೆ, ಒಳ್ಳೆಯದೆಲ್ಲ ಇಳಿದ ಮೇಲೆ ಉಳಿದ ಕಹಿಯಷ್ಟೇ ಅದರಲ್ಲಿ ಬರುವುದು. "ಮೊದಲ ಕಪ್ ಚೆನ್ನಾಗಿತ್ತು, ಎರಡನೆಯದು ಕಹಿ" ಅನ್ನುವವರು ಇದೊಂದನ್ನು ಮಾಡಿ ನೋಡಲಿ. ಆದ್ದರಿಂದ ಕೊಳ್ಳುವಾಗ ಬುಟ್ಟಿಯನ್ನು ಸುಲಭವಾಗಿ ಎತ್ತಲು ಬರುತ್ತದೆಯೇ ಅಂತ ಒಮ್ಮೆ ಎತ್ತಿ ನೋಡುವುದು ಒಳ್ಳೆಯದು.

ವೋಲ್ಟೇಜ್, ಇದನ್ನು ಮಾತ್ರ ಮರೆಯಬೇಡಿ

ಈ ಯಂತ್ರಕ್ಕೆ ದೊಡ್ಡ ಮಾರುಕಟ್ಟೆ ಅಮೆರಿಕ. ಪ್ರೆಸ್ಟೊ, ಫಾರ್ಬರ್‌ವೇರ್, ಹ್ಯಾಮಿಲ್ಟನ್ ಬೀಚ್ ಹೆಸರಿನಲ್ಲಿ ಅಲ್ಲಿ ಸಿಗುವವು 120 ವೋಲ್ಟ್‌ಗೆ ಮಾಡಿದವು. ಜಗತ್ತಿನ ಬಹುಭಾಗದಲ್ಲಿ ಮನೆಗೆ ಬರುವುದು 220ರಿಂದ 240 ವೋಲ್ಟ್. ಬರೀ ಕಾಯಿಲ್ ಇರುವ ಯಂತ್ರಕ್ಕೆ ವೋಲ್ಟೇಜ್ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 120 ವೋಲ್ಟಿನ 800 ವ್ಯಾಟ್ ಯಂತ್ರವನ್ನು 230ಕ್ಕೆ ಹಾಕಿದರೆ ಅದು 2900 ವ್ಯಾಟ್ ಹತ್ತಿರ ಎಳೆಯಲು ಹೋಗಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಬೆಂಕಿಯ ಅಪಾಯವೂ ಇದೆ. ತಿರುಗಿಸಿ 230ರದ್ದನ್ನು 120ಕ್ಕೆ ಹಾಕಿದರೆ ಕಾಲು ಭಾಗದಷ್ಟು ಶಕ್ತಿ, ಗಂಟೆಗಟ್ಟಲೆ ಕಾದರೂ ಗುಳ್ಳೆ ಏಳುವುದು ಅನುಮಾನ. ಫೋನಿನ ಚಾರ್ಜರ್ ಎಲ್ಲ ಕಡೆ ನಡೆಯುತ್ತದೆ, ಹಾಗೆ ಇದೂ ನಡೆಯಬಹುದು ಅಂತ ಪ್ಲಗ್‌ಗೆ ಬರೀ ಅಡಾಪ್ಟರ್ ಸಿಕ್ಕಿಸಬೇಡಿ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ಆದರೆ 800 ವ್ಯಾಟಿಗೆ ಕನಿಷ್ಠ 1000 ವ್ಯಾಟ್ ತಡೆಯುವಂಥದ್ದು ಬೇಕು, ಅದು ಪರ್ಕೊಲೇಟರ್‌ಗಿಂತಲೂ ಭಾರ ಇರುತ್ತದೆ. ತಳದಲ್ಲಿ ಬರೆದಿರುವ ವೋಲ್ಟೇಜ್ ನಿಮ್ಮ ಮನೆಯದೇ ಆಗಿದ್ದರೆ ಮಾತ್ರ ಕೊಳ್ಳಿ, ಇಷ್ಟು ಗಟ್ಟಿಯಾಗಿ ಹೇಳಬಲ್ಲೆ.

ಕೈಗೆ ತೆಗೆದುಕೊಂಡು ನೋಡಬೇಕಾದ್ದು

ಪಾತ್ರೆ ಸ್ಟೀಲಿನದಾದರೆ ನಿಶ್ಚಿಂತೆ. ಕಾಫಿ ಸ್ವಲ್ಪ ಹುಳಿ ಗುಣದ್ದು, ಸ್ಟೀಲ್ ಅದಕ್ಕೆ ಜಗ್ಗುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಹಗುರ, ಬೇಗ ಕಾಯುತ್ತದೆ, ಆದರೆ ಲೇಪನ ಇಲ್ಲದಿದ್ದರೆ ಕಾಲಕ್ರಮೇಣ ಕಪ್ಪಾಗುತ್ತದೆ, ಕೆಲವರಿಗೆ ಲೋಹದ ರುಚಿಯೂ ಗೊತ್ತಾಗುತ್ತದೆ. ಇಲ್ಲಿ ಒಂದು ಕಿತಾಪತಿ ನಡೆಯುತ್ತದೆ: ಹೊರಗೆ ಫಳಫಳ ಸ್ಟೀಲ್, ಒಳಗಿನ ಬುಟ್ಟಿ ಮತ್ತು ಕೊಳವೆ ಮಾತ್ರ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್. ಕುದಿವ ನೀರು ಮುಟ್ಟುವುದು ಅವುಗಳನ್ನೇ ಅಲ್ವಾ? ಹಾಗಾಗಿ ವಿವರಣೆಯಲ್ಲಿ ಪಾತ್ರೆಯ ಬಗ್ಗೆ ಮಾತ್ರ ಹೇಳಿದ್ದರೆ ಒಳಭಾಗಗಳ ಬಗ್ಗೆ ಕೇಳಿ.

ಮುಚ್ಚಳದ ಮೇಲಿನ ಗುಬ್ಬಿ ಬರೀ ಅಂದಕ್ಕಲ್ಲ. ಏರಿ ಚಿಮ್ಮುವ ಕಾಫಿಯ ಬಣ್ಣ ಅದರಲ್ಲಿ ಕಾಣುತ್ತದೆ. ಗಾಜಿನದಾದರೆ ಬಹಳ ವರ್ಷ ತಿಳಿಯಾಗಿ ಉಳಿಯುತ್ತದೆ, ಬಿದ್ದರೆ ಒಡೆಯುತ್ತದೆ. ಪ್ಲಾಸ್ಟಿಕ್ ಒಡೆಯುವುದಿಲ್ಲ, ಆದರೆ ಮಬ್ಬಾಗುತ್ತದೆ. ಯಾವುದೇ ಇರಲಿ, ಬಿಡಿಯಾಗಿ ಸಿಗುತ್ತದೆಯೇ ಅಂತ ನೋಡಿಕೊಳ್ಳಿ. ಗುಬ್ಬಿ ಇಲ್ಲದೆ ಯಂತ್ರ ನಡೆಸಲಾಗದು, ಆ ತೂತಿನಿಂದ ಬಿಸಿ ಕಾಫಿ ಹೊರಗೇ ಚಿಮ್ಮುತ್ತದೆ.

ಮುಚ್ಚಳ ಬಿಗಿಯಾಗಿ ಕೂರಬೇಕು. ಬಗ್ಗಿಸುವಾಗ ಮುಚ್ಚಳ ಕಳಚಿಬಿದ್ದರೆ ಅದರ ಹಿಂದೆ ಬುಟ್ಟಿ, ಬುಟ್ಟಿಯ ಹಿಂದೆ ಲೀಟರುಗಟ್ಟಲೆ ಕುದಿವ ಕಾಫಿ. ತಿರುಗಿಸಿ ಲಾಕ್ ಮಾಡುವಂಥದ್ದಾದರೆ ಬಹಳ ಒಳ್ಳೆಯದು. ಹಿಡಿ ಬಿಸಿಯಾಗದ ವಸ್ತುವಿನದಾಗಿರಬೇಕು, ಸ್ಕ್ರೂ ಅಥವಾ ರಿವಿಟ್ ಹಾಕಿರಬೇಕು. ಬರೀ ಅಂಟು ಹಾಕಿ ಕೂರಿಸಿದ್ದನ್ನು ನಾನು ಮುಟ್ಟುವುದಿಲ್ಲ. ಮೂತಿಯಿಂದ ನೀರು ಬಗ್ಗಿಸಿ ನೋಡಲು ಅಂಗಡಿಯಲ್ಲಿ ಬಿಟ್ಟರೆ ನೋಡಿ. ತೊಟ್ಟಿಕ್ಕುವ ಮೂತಿ ದಿನವೂ ಮೇಜು ಒರೆಸುವ ಕೆಲಸ ಕೊಡುತ್ತದೆ.

ವೈರ್ ಚಿಕ್ಕದಿದೆ ಅಂತ ಬಯ್ಯಬೇಡಿ, ಅದು ಬೇಕಂತಲೇ ಚಿಕ್ಕದು. ಮೇಜಿನಂಚಿನಿಂದ ಇಳಿಬಿದ್ದ ಉದ್ದ ವೈರನ್ನು ಮಗು ಎಳೆದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಪಾತ್ರೆಯಿಂದ ಬಿಡಿಸಿ ತೆಗೆಯಲು ಬರುವ ವೈರ್ ಇದ್ದರೆ ಪಾತ್ರೆಯನ್ನು ಊಟದ ಮೇಜಿಗೆ ಒಯ್ಯಬಹುದು, ವೈರ್ ಹಾಳಾದರೆ ಅದೊಂದನ್ನೇ ಬದಲಿಸಬಹುದು.

ಗಾತ್ರದಷ್ಟೇ ಮುಖ್ಯ ಅನ್ನಿಸುವ ಇನ್ನೊಂದು ವಿಷಯ ತೊಳೆಯುವುದು. ಎಲೆಕ್ಟ್ರಿಕ್ ಪರ್ಕೊಲೇಟರ್ ಅನ್ನು ನೀರಲ್ಲಿ ಮುಳುಗಿಸುವಂತಿಲ್ಲ, ತಳದಲ್ಲಿ ಕರೆಂಟಿನ ಭಾಗಗಳಿವೆ. ಮುಳುಗಿಸಬಹುದು ಅಂತ ಪುಸ್ತಕದಲ್ಲೇ ಹೇಳಿದ್ದರೆ ಬೇರೆ ಮಾತು. ಹಾಗಾಗಿ ಒಳಗೆ ಕೈ ಹಾಕಿ ಉಜ್ಜಲು ಬರುವಷ್ಟು ಬಾಯಿ ಅಗಲ ಇರಬೇಕು. ಎಷ್ಟೋ ಚೆಂದದ, ಎತ್ತರದ, ಕಿರುಬಾಯಿಯ ಪಾತ್ರೆಗಳು ಇಲ್ಲೇ ಸೋಲುತ್ತವೆ. ಕಾಫಿಯ ಎಣ್ಣೆ ಅಂಶ ಗೋಡೆಗೆ ಅಂಟಿ ಕಮಟು ವಾಸನೆ ಹಿಡಿಯುತ್ತದೆ, ಬರೀ ನೀರಲ್ಲಿ ತೊಳೆದರೆ ಹೋಗುವುದಿಲ್ಲ. ಗಡಸು ನೀರಾದರೆ ತಳದ ಗುಳಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅದು ದಪ್ಪವಾದಷ್ಟೂ ಗುಳ್ಳೆ ಏಳುವುದು ನಿಧಾನ. ತಣ್ಣೀರಿಗೆ ನಿಂಬೆ ಉಪ್ಪೋ (ಸಿಟ್ರಿಕ್ ಆಸಿಡ್) ವಿನೆಗರೋ ಹಾಕಿ, ಪುಡಿ ಇಲ್ಲದೆ ಒಂದು ಸಲ ಯಂತ್ರ ನಡೆಸಿ, ಆಮೇಲೆ ಬರೀ ನೀರಲ್ಲಿ ಇನ್ನೊಂದು ಸಲ ನಡೆಸಿದರೆ ಪದರ ಬಿಡುತ್ತದೆ. ಕೊಳವೆಯ ಪಾದದಲ್ಲಿ ಕೆಲವದಕ್ಕೆ ಸಡಿಲವಾದ ಒಂದು ವಾಶರ್ ಇರುತ್ತದೆ. ಅದು ಅಂಟಿಕೊಂಡರೂ ನೀರು ಏರುವುದಿಲ್ಲ. ಯಂತ್ರ ಕೆಟ್ಟಿತು ಅಂತ ಎಸೆಯುವ ಮುಂಚೆ ಅದನ್ನು ಅಲ್ಲಾಡಿಸಿ ನೋಡಿ, ಕೊಳವೆ ಗುಳಿಯಲ್ಲಿ ಸರಿಯಾಗಿ ಕೂತಿದೆಯೇ ಅಂತಲೂ ನೋಡಿ.

ನೀರಿಲ್ಲದೆ ಪ್ಲಗ್ ಹಾಕುವುದು ಮಾತ್ರ ಬೇಡವೇ ಬೇಡ. ಸುರಕ್ಷತೆಗಿಟ್ಟ ಫ್ಯೂಸ್ ಒಳಗೆ ಹಾರಿದರೆ ಬಿಚ್ಚದೆ ಬದಲಿಸಲು ಬರುವುದಿಲ್ಲ.

ರುಚಿಯ ಮಾತು

ಇಷ್ಟೆಲ್ಲ ಸರಿಯಾಗಿ ಆರಿಸಿದರೂ ಪರ್ಕೊಲೇಟರ್ ಕಾಫಿ ಎಲ್ಲರಿಗೂ ಹಿಡಿಸುವುದಿಲ್ಲ, ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಹುರಿದ ಕಾಫಿ ಬೀಜದ ತೂಕದಲ್ಲಿ ನೀರಿಗೆ ಇಳಿಯಬಲ್ಲದ್ದು ಸುಮಾರು 30 ಪ್ರತಿಶತ. ಅಷ್ಟನ್ನೂ ಇಳಿಸಿದರೆ ಚೆನ್ನಾಗಿರುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಅರ್ನೆಸ್ಟ್ ಲಾಕ್‌ಹಾರ್ಟ್ ಮಾಡಿದ ಕೆಲಸದಿಂದ ಬಂದ 18ರಿಂದ 22 ಪ್ರತಿಶತ ಅನ್ನುವ ಅಳತೆಯನ್ನು ಕಾಫಿ ಲೋಕ ಇವತ್ತಿಗೂ ಬಳಸುತ್ತದೆ. ಅದಕ್ಕಿಂತ ಕೆಳಗಾದರೆ ಹುಳಿಹುಳಿ, ಸಪ್ಪೆ. ಮೇಲಾದರೆ ಕಹಿ, ಒಗರು. ನೀರಿನ ಬಿಸಿಯೂ 90ರಿಂದ 96 ಡಿಗ್ರಿ ಇರಲಿ ಅನ್ನುತ್ತಾರೆ. ಪರ್ಕೊಲೇಟರ್‌ನಲ್ಲಿ ನೀರು ಏರುವುದೇ ಕುದಿಯುವುದರಿಂದ, ಮೇಲಾಗಿ ಇಳಿದ ಕಾಫಿಯೇ ಮತ್ತೆ ಏರುತ್ತದೆ. ಆದ್ದರಿಂದ ಅದರ ಒಲವು ಯಾವಾಗಲೂ ಕಹಿಯ ಕಡೆಗೇ.

ತಿಳಿಯಾಗಿ ಹುರಿದ ಬೀಜದ ಹಣ್ಣಿನಂಥ ಘಮ, ನವಿರು ಹುಳಿ ಬೇಕು ಅನ್ನುವವರು ಡ್ರಿಪ್ ಕಡೆ ಹೋಗಲಿ. ಸುಡುವಷ್ಟು ಬಿಸಿ ಇರಬೇಕು, ಖಡಕ್ ಇರಬೇಕು, ಮನೆ ತುಂಬ ವಾಸನೆ ಬರಬೇಕು ಅನ್ನುವವರಿಗೆ ಇದು. ಹಾಲು ಬೆರೆಸುವವರಿಗೆ ಒಂದು ಮಾತು: ಇದರ ಕಾಫಿ ಎಷ್ಟು ಖಡಕ್ ಅನ್ನಿಸಿದರೂ ನೂರು ಗ್ರಾಂನಲ್ಲಿ ಕರಗಿರುವ ಕಾಫಿ ಅಂಶ ಹೆಚ್ಚೆಂದರೆ ಒಂದೂವರೆ ಗ್ರಾಂ ಅಷ್ಟೇ. ಖಡಕ್ ಅನ್ನಿಸುವುದರಲ್ಲಿ ಕಹಿಯ ಪಾಲೇ ಜಾಸ್ತಿ. ಅರ್ಧಕ್ಕರ್ಧ ಹಾಲು ಸುರಿದರೆ ತೆಳ್ಳಗಾಗಿಬಿಡುತ್ತದೆ. ಸ್ವಲ್ಪ ಹಾಲು ಹಾಕಿ ಕುಡಿಯುವವರಿಗೆ ತೊಂದರೆಯಿಲ್ಲ. ಹಾಲನ್ನು ಪಾತ್ರೆಯೊಳಗೇ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ, ಅದು ಗುಳಿಯಲ್ಲಿ ಸೀದು, ನೊರೆಯಾಗಿ ಕೊಳವೆ ಕಟ್ಟುತ್ತದೆ.

ಕಹಿಯನ್ನು ಹದದಲ್ಲಿಡಲು ಪುಡಿ ತರಿತರಿಯಾಗಿರಬೇಕು, ಬುಟ್ಟಿಯ ತೂತಿಗಿಂತ ದಪ್ಪ. ನುಣ್ಣಗಿದ್ದರೆ ಒಂದಷ್ಟು ಕೆಳಗಿಳಿದು ಕಪ್ಪಿನ ತಳದಲ್ಲಿ ಕೆಸರು, ಉಳಿದದ್ದು ತೂತು ಮುಚ್ಚಿ ಬುಟ್ಟಿ ಉಕ್ಕುತ್ತದೆ. ಮಧ್ಯಮ ಹುರಿದದ್ದು ಒಳ್ಳೆಯದು, ಕಪ್ಪಗೆ ಹುರಿದದ್ದು ಇಲ್ಲಿ ಬೇಗ ಸುಟ್ಟ ರುಚಿ ಕೊಡುತ್ತದೆ. ಕಪ್ಪಿಗೆ, ಅಂದರೆ ಅದೇ 150 ಮಿಲಿಲೀಟರಿಗೆ, 5ರಿಂದ 7 ಗ್ರಾಂನಿಂದ ಶುರುಮಾಡಿ, 8 ಕಪ್ಪಿಗೆ 40ರಿಂದ 56 ಗ್ರಾಂ ಆಗುತ್ತದೆ. ಕಹಿ ಅನ್ನಿಸಿದರೆ ಪುಡಿ ಕಡಿಮೆ ಮಾಡುವುದಕ್ಕಿಂತ ಮೊದಲು ಇನ್ನೂ ತರಿಯಾಗಿ ಬೀಸಿ ನೋಡಿ.

ನಡುವೆ ತೂತಿರುವ ದುಂಡನೆಯ ಕಾಗದದ ಫಿಲ್ಟರ್‌ಗಳು ಸಿಗುತ್ತವೆ, ಬುಟ್ಟಿಯ ತಳಕ್ಕೆ ಹಾಸಬಹುದು. ಕೆಸರು ನಿಲ್ಲುತ್ತದೆ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಅನ್ನುವ ಅಂಶ ಕೆಟ್ಟ ಕೊಲೆಸ್ಟೆರಾಲ್ ಏರಿಸುತ್ತದೆ, ಕಾಗದ ಅದನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕೊಲೆಸ್ಟೆರಾಲ್ ತೊಂದರೆ ಇರುವವರು, ದಿನಕ್ಕೆ ನಾಲ್ಕೈದು ಕಪ್ ಕುಡಿಯುವವರು ಕಾಗದ ಹಾಕುವುದು ಒಳ್ಳೆಯದು. ರುಚಿ ತುಸು ಹಗುರಾಗುತ್ತದೆ.

ಹಳೆಯ ಕಾಲದ ಹೊಳಪಿನ ಪರ್ಕೊಲೇಟರ್‌ಗಳು ಈಗಲೂ ಕೈಬದಲಾಗುತ್ತಾ ಸಿಗುತ್ತವೆ. ಕೆಲವು ದಶಕಗಳಷ್ಟು ಹಳೆಯವಾದರೂ ಚೆನ್ನಾಗಿ ನಡೆಯುತ್ತವೆ. ಕೊಳ್ಳುವುದಾದರೆ ವೈರಿನ ಹೊದಿಕೆ ಬಿರುಕು ಬಿಟ್ಟಿದೆಯೇ, ಒಳಗಿನ ಲೇಪನ ಸುಲಿದಿದೆಯೇ, ಬುಟ್ಟಿ, ಕೊಳವೆ, ಮೇಲಿನ ತಟ್ಟೆ, ಗುಬ್ಬಿ ನಾಲ್ಕೂ ಇವೆಯೇ ಅಂತ ನೋಡಿ. ಬಿಡಿ ಭಾಗ ಕಳೆದಿದ್ದರೆ ಬೇರೆ ಮಾದರಿಯದು ಕೂರುವುದು ಕಷ್ಟ, ಕೊಳವೆಯ ಎತ್ತರವೇ ಬೇರೆ ಇರುತ್ತದೆ. ಅರ್ಥಿಂಗ್ ಇಲ್ಲದ ಎರಡೇ ಪಿನ್ನಿನ ಲೋಹದ ಪಾತ್ರೆಯನ್ನು ಎಲೆಕ್ಟ್ರೀಷಿಯನ್‌ಗೆ ತೋರಿಸದೆ ಸಾಕೆಟ್‌ಗೆ ಹಾಕಬೇಡಿ. ಮೊದಲ ಸಲ ತಣ್ಣೀರನ್ನಷ್ಟೇ ತುಂಬಿ ಪುಡಿಯಿಲ್ಲದೆ ನಡೆಸಿ, ಗುಳ್ಳೆ ಏಳುವುದು ತಾನಾಗಿ ನಿಲ್ಲುತ್ತದೆಯೇ ಅಂತ ಪಕ್ಕದಲ್ಲೇ ನಿಂತು ನೋಡಿ. ನಿಲ್ಲದೆ ಕುದಿಯುತ್ತಲೇ ಇದ್ದರೆ ಥರ್ಮೋಸ್ಟಾಟ್ ಹೋಗಿದೆ ಅಂತ ಅರ್ಥ, ಪ್ಲಗ್ ಕಿತ್ತು ಮಾರಿದವರಿಗೇ ವಾಪಸ್ ಕೊಡಿ.